ದಿನದ ಮೊದಲ ಕೆಲಸ ಯಾವುದು?

ಮಾಡಬೇಕಾದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಪ್ರತಿಯೊಂದೂ ಒಂದು ಸಾಲಾಗಿ ಕಾಣುತ್ತದೆ. ಕರೆಂಟ್ ಬಿಲ್ ಕಟ್ಟುವುದು ಒಂದು ಸಾಲು. ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂದು ತೀರ್ಮಾನಿಸುವುದೂ ಒಂದು ಸಾಲು. ಹಾಳೆಯ ಮೇಲೆ ಸರಿಸಮನಾಗಿ ಕಾಣುವ ಈ ಕೆಲಸಗಳ ತೂಕ ಬೇರೆ ಬೇರೆ. ಮೊದಲನೆಯದು ಎರಡು ದಿನ ತಡವಾದರೆ ಸಣ್ಣ ದಂಡದಲ್ಲಿ ಮುಗಿಯುತ್ತದೆ. ಇನ್ನೊಂದು ತಡವಾದರೆ ಒಂದು ವರ್ಷವೇ ಕೈತಪ್ಪಬಹುದು. ಹೆಚ್ಚು ಫಲ ಕೊಡುವ ಒಂದು ಕೆಲಸವನ್ನು ಮೊದಲೇ ಗುರುತಿಸುವುದು, ದಿನದ ಒಳ್ಳೆಯ ಹೊತ್ತನ್ನು ಅದಕ್ಕೆ ಮೀಸಲಿಡುವುದು, ಉಳಿದವನ್ನು ಅದರ ಹಿಂದೆ ಮುಂದೆ ಹೊಂದಿಸಿಕೊಳ್ಳುವುದು: ಆದ್ಯತೆಯ ಕ್ರಮ ಎಂದರೆ ಇಷ್ಟೇ.

ಹೇಳುವುದಕ್ಕೆ ಸುಲಭವಾದ ಈ ಕ್ರಮ ದಿನನಿತ್ಯದಲ್ಲಿ ಕೈಗೂಡುವುದು ಅಪರೂಪ. ಇದಕ್ಕೆ ಸೋಮಾರಿತನವನ್ನು ದೂರುವುದು ರೂಢಿ. ಆದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡುವಿಲ್ಲದೆ ದುಡಿಯುವವರ ದಿನದಲ್ಲೂ ಮುಖ್ಯ ಕೆಲಸ ಬಾಕಿ ಉಳಿಯುತ್ತದೆ. ಯಾವುದು ಮೊದಲು ಎಂದು ಆರಿಸುವುದೇ ಒಂದು ಪ್ರತ್ಯೇಕ ಕೆಲಸವೆಂದು ತಿಳಿದು, ಅದಕ್ಕೂ ಹತ್ತು ನಿಮಿಷ ಕೊಡದಿರುವುದು ಇದರ ಮೂಲ ಕಾರಣ. ಆಯ್ಕೆ ಮಾಡದೆ ಶುರುವಾದ ದಿನದ ಆಯ್ಕೆಯನ್ನು ಫೋನು, ಬಂದು ಹೋಗುವವರು ಮತ್ತು ಮೇಲಿನವರು ಸೇರಿ ಮಾಡುತ್ತಾರೆ.

ಸಣ್ಣ ಕೆಲಸ ಗೆಲ್ಲುವುದೇಕೆ

ಮನಸ್ಸು ಸಹಜವಾಗಿ ವಾಲುವುದು ಗಡುವಿನ ಕಡೆಗೆ. ಮೆಂಗ್ ಝು, ಯಾಂಗ್ ಯಾಂಗ್ ಮತ್ತು ಕ್ರಿಸ್ಟೋಫರ್ ಶೀ ಎಂಬ ಸಂಶೋಧಕರು 2018ರಲ್ಲಿ ‘ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್’ನಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ಅವುಗಳಲ್ಲಿ ಭಾಗವಹಿಸಿದವರ ಮುಂದೆ ಎರಡು ಕೆಲಸಗಳಿದ್ದವು. ಒಂದಕ್ಕೆ ಪ್ರತಿಫಲ ಕಡಿಮೆ, ಆದರೆ ಅವಕಾಶ ಬೇಗ ಮುಗಿಯುತ್ತಿತ್ತು. ಇನ್ನೊಂದಕ್ಕೆ ಪ್ರತಿಫಲ ಹೆಚ್ಚು, ಅವಕಾಶವೂ ದೀರ್ಘವಾಗಿತ್ತು. ಎರಡಕ್ಕೂ ಬೇಕಾದ ಶ್ರಮ ಒಂದೇ ಆಗಿದ್ದರೂ ಅನೇಕರು ಬೇಗ ಮುಗಿಯುವ ಅವಕಾಶವನ್ನೇ ಹಿಡಿದರು. ತಮಗೆ ಸದಾ ಪುರಸೊತ್ತಿಲ್ಲ ಎಂದುಕೊಳ್ಳುವವರಲ್ಲಿ ಈ ಒಲವು ಇನ್ನೂ ಬಲವಾಗಿತ್ತು. ಆರಿಸುವ ಹೊತ್ತಿನಲ್ಲಿ ಪ್ರತಿಫಲದ ಕಡೆಗೆ ಗಮನ ಸೆಳೆದಾಗ ಅದು ತಗ್ಗಿತು. ಪಟ್ಟಿಯಲ್ಲಿ ಪ್ರತಿ ಕೆಲಸದ ಎದುರು ‘ಇದರಿಂದ ಏನಾಗುತ್ತದೆ’ ಎಂದು ಎರಡು ಪದ ಬರೆಯುವುದರಿಂದ ಆಗುವ ಪ್ರಯೋಜನ ಇಲ್ಲಿಯೇ ಇದೆ.

ಎರಡನೆಯ ಸೆಳೆತ ‘ಮುಗಿಯಿತು’ ಎಂಬ ತೃಪ್ತಿಯದು. ಪಟ್ಟಿಯ ಸಾಲೊಂದರ ಮೇಲೆ ಗೆರೆ ಎಳೆದಾಗ ಸಿಗುವ ಸಮಾಧಾನಕ್ಕೆ ಸಾಲಿನ ತೂಕ ಲೆಕ್ಕಕ್ಕಿಲ್ಲ. ಹಾಗಾಗಿ ಐದು ನಿಮಿಷದ ಕೆಲಸಗಳು ಮೊದಲು ಮುಗಿಯುತ್ತವೆ, ಮೂರು ಗಂಟೆಯದು ನಾಳೆಗೆ ಜಾರುತ್ತದೆ. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ವೈದ್ಯರ ಕೆಲಸವನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದೇ ಪ್ರವೃತ್ತಿಯನ್ನು ಗುರುತಿಸಿತು. ಕೆಲಸದ ಒತ್ತಡ ಏರಿದಂತೆ ವೈದ್ಯರು ಸುಲಭದ ಪ್ರಕರಣಗಳನ್ನು ಮೊದಲು ಕೈಗೆತ್ತಿಕೊಳ್ಳುವ ಕಡೆಗೆ ವಾಲುತ್ತಿದ್ದರು. ಆ ಹೊತ್ತಿಗೆ ಕೆಲಸ ಬೇಗ ಸಾಗಿದಂತೆ ಕಂಡರೂ, ಸದಾ ಹೀಗೆ ಮಾಡುವವರ ಕಾರ್ಯಕ್ಷಮತೆ ದೀರ್ಘಾವಧಿಯಲ್ಲಿ ಕುಗ್ಗುತ್ತಿತ್ತು.

ಮೂರನೆಯ ಕಾರಣ ಮುಖ್ಯ ಕೆಲಸದ ಸ್ವಭಾವದಲ್ಲೇ ಇದೆ. ಅದು ಸಾಮಾನ್ಯವಾಗಿ ದೊಡ್ಡದು, ಅದರ ಅಂಚು ಅಸ್ಪಷ್ಟ, ಸೋಲುವ ಭಯವೂ ಅದರ ಜತೆಗಿರುತ್ತದೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದ ಕೆಲಸಕ್ಕಿಂತ ಇಮೇಲ್‌ಗೆ ಉತ್ತರಿಸುವುದು ಯಾವತ್ತೂ ಹಿತ.

ತುರ್ತು ಮತ್ತು ಮುಖ್ಯ

ತುರ್ತಿನದೂ ಮುಖ್ಯವಾದದ್ದೂ ಬೇರೆ ಬೇರೆ ಎಂಬ ವಿವೇಚನೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಡ್ವೈಟ್ ಐಸೆನ್‌ಹೋವರ್ ಅವರ ಹೆಸರು ಅಂಟಿಕೊಂಡಿದೆ. 1954ರ ಆಗಸ್ಟ್‌ನಲ್ಲಿ ಇಲಿನಾಯ್ ರಾಜ್ಯದ ಎವಾನ್‌ಸ್ಟನ್‌ನಲ್ಲಿ ಮಾಡಿದ ಭಾಷಣದಲ್ಲಿ ಅವರು ಈ ವ್ಯತ್ಯಾಸವನ್ನು ಎತ್ತಿ ಹೇಳಿದರು. ಮಾತು ತಮ್ಮದಲ್ಲ, ಹಿಂದೆ ಕಾಲೇಜೊಂದರ ಮುಖ್ಯಸ್ಥರಾಗಿದ್ದವರೊಬ್ಬರದು ಎಂದೂ ಅಲ್ಲಿಯೇ ತಿಳಿಸಿದರು. 1989ರಲ್ಲಿ ಸ್ಟೀಫನ್ ಕೋವಿ ತಮ್ಮ ‘ದಿ ಸೆವೆನ್ ಹ್ಯಾಬಿಟ್ಸ್ ಆಫ್ ಹೈಲಿ ಎಫೆಕ್ಟಿವ್ ಪೀಪಲ್’ ಪುಸ್ತಕದಲ್ಲಿ ಇದೇ ವಿವೇಚನೆಯನ್ನು ನಾಲ್ಕು ಮನೆಗಳ ಚೌಕವಾಗಿ ಬಿಡಿಸಿ ಜಗತ್ತಿಗೆ ಪರಿಚಯಿಸಿದರು.

ಬಯಲುಸೀಮೆಯ ಗ್ರಾಮ ಪಂಚಾಯಿತಿಯೊಂದರ ಅಭಿವೃದ್ಧಿ ಅಧಿಕಾರಿಯ, ಅಂದರೆ ಪಿಡಿಒ ಒಬ್ಬರ, ಜನವರಿ ತಿಂಗಳ ಒಂದು ಬೆಳಗನ್ನು ಈ ಚೌಕದಲ್ಲಿ ಇಟ್ಟು ನೋಡಬಹುದು. ಒಂದು ಓಣಿಯ ನೀರಿನ ಮೋಟರ್ ಸುಟ್ಟಿದೆ. ಇದು ತುರ್ತೂ ಹೌದು, ಮುಖ್ಯವೂ ಹೌದು. ತಾಲ್ಲೂಕು ಮಟ್ಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೋದ ತಿಂಗಳೇ ಕಳಿಸಿದ್ದ ಮಾಹಿತಿಯನ್ನು ಮತ್ತೆ ‘ಈಗಲೇ ಕಳಿಸಿ’ ಎಂದು ಕೇಳಿದ್ದಾರೆ. ಇದು ತುರ್ತು, ಆದರೆ ಅದರ ತೂಕ ಕಡಿಮೆ. ಅದೇ ಗುಂಪಿಗೆ ಬಂದು ಬೀಳುವ ಶುಭಾಶಯ, ವಿಡಿಯೊಗಳು ಎರಡೂ ಅಲ್ಲ. ಬೇಸಿಗೆಯಲ್ಲಿ ಯಾವ ಹಳ್ಳಿಗೆ ಎಲ್ಲಿಂದ ಕುಡಿಯುವ ನೀರು ಕೊಡಬೇಕು ಎಂಬ ಸಿದ್ಧತೆ ನಾಲ್ಕನೆಯದು. ಅದನ್ನು ಆ ದಿನ ಯಾರೂ ಕೇಳುವುದಿಲ್ಲ. ಫೋನು ಬರುವುದಿಲ್ಲ, ನೋಟಿಸು ಬರುವುದಿಲ್ಲ. ಮಾರ್ಚ್ ಕಳೆದು ಕೊಡಗಳ ಸಾಲು ಪಂಚಾಯಿತಿ ಕಚೇರಿಯ ಮುಂದೆ ನಿಂತಾಗ ಮಾತ್ರ ಅದು ತುರ್ತಾಗುತ್ತದೆ. ಬಾಯಾರಿದಾಗ ಬಾವಿ ತೋಡಬಾರದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಮುಖ್ಯವಾಗಿಯೂ ತುರ್ತಲ್ಲದ ಈ ಮನೆಯಲ್ಲೇ ಬದುಕಿನ ದೊಡ್ಡ ಕೆಲಸಗಳೆಲ್ಲ ಇರುತ್ತವೆ: ಓದು, ಆರೋಗ್ಯ ತಪಾಸಣೆ, ಉಳಿತಾಯ, ಹೊಸ ಕೌಶಲದ ಕಲಿಕೆ, ಮಕ್ಕಳ ಜತೆಗಿನ ಹೊತ್ತು, ಪ್ರಬಂಧದ ಬರವಣಿಗೆ. ಇವುಗಳಿಗೆ ಹೊರಗಿನಿಂದ ಗಡುವು ಬರುವುದಿಲ್ಲ. ಗಡುವು ಬಂದಾಗ ಮಾಡಲು ಉಳಿದಿರುವುದು ಹೆಚ್ಚಾಗಿ ದುಬಾರಿ ಪರಿಹಾರವೇ. ಆದ್ದರಿಂದ ದಿನದ ಮೊದಲ ಕೆಲಸವನ್ನು ಆದಷ್ಟೂ ಈ ಮನೆಯಿಂದ ಆರಿಸಬೇಕು. ಸುಟ್ಟ ಮೋಟರ್‌ನಂಥದ್ದು ಎದುರಾದರೆ ಅದನ್ನು ಮುಗಿಸಿ, ಮತ್ತೆ ಈ ಮನೆಗೇ ಬರಬೇಕು.

ಗುರುತಿಸುವ ಬಗೆ

ಹಲವು ಕೆಲಸಗಳು ಮುಖ್ಯವೆಂದೇ ತೋರುವಾಗ ಮೂರು ಪ್ರಶ್ನೆಗಳು ನೆರವಾಗುತ್ತವೆ.

ಮೊದಲನೆಯದು ಪರಿಣಾಮದ ಪ್ರಶ್ನೆ: ಇದನ್ನು ಮಾಡಿದರೆ, ಅಥವಾ ಬಿಟ್ಟರೆ, ಆರು ತಿಂಗಳ ಮೇಲೆ ಏನು ವ್ಯತ್ಯಾಸ? ಇಟಲಿಯ ಅರ್ಥಶಾಸ್ತ್ರಜ್ಞ ವಿಲ್ಫ್ರೆಡೊ ಪರೇಟೊ 19ನೇ ಶತಮಾನದ ಕೊನೆಯಲ್ಲಿ ಸಂಪತ್ತು ಮತ್ತು ಆದಾಯದ ಹಂಚಿಕೆಯನ್ನು ಅಭ್ಯಸಿಸಿ, ಹೆಚ್ಚಿನ ಪಾಲು ಕೆಲವೇ ಜನರ ಕೈಯಲ್ಲಿರುವುದನ್ನು ತೋರಿಸಿದ್ದರು. ಗುಣಮಟ್ಟ ನಿಯಂತ್ರಣದ ತಜ್ಞ ಜೋಸೆಫ್ ಜುರಾನ್ 20ನೇ ಶತಮಾನದ ಮಧ್ಯಭಾಗದಲ್ಲಿ ಇದನ್ನು ಕಾರ್ಖಾನೆಗೆ ತಂದರು. ದೋಷಗಳಲ್ಲಿ ಬಹುಪಾಲು ಬೆರಳೆಣಿಕೆಯ ಕಾರಣಗಳಿಂದ ಬರುತ್ತವೆ ಎಂದು ವಿವರಿಸಿ, ಈ ತತ್ವಕ್ಕೆ ಪರೇಟೊ ಹೆಸರನ್ನೇ ಇಟ್ಟರು. ಈ ತತ್ವದ ಜನಪ್ರಿಯ ರೂಪವಾದ 80–20 ಎಂಬುದು ಎಲ್ಲ ಕಡೆಯೂ ಕರಾರುವಾಕ್ಕಾಗಿ ನಿಲ್ಲುವ ನಿಯಮವಲ್ಲ. ಶ್ರಮ ಮತ್ತು ಫಲ ಸಮಪ್ರಮಾಣದಲ್ಲಿ ಇರುವುದಿಲ್ಲ ಎಂಬ ಎಚ್ಚರವಾಗಿ ಅದನ್ನು ಬಳಸಬೇಕು.

ಎರಡನೆಯದು ಅವಲಂಬನೆಯ ಪ್ರಶ್ನೆ: ಯಾವ ಕೆಲಸ ಮುಗಿಯಲಿ ಎಂದು ಉಳಿದವು ಕಾಯುತ್ತಿವೆ? 1957ರ ಸುಮಾರಿಗೆ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರಾಂಡ್‌ನ ಜೇಮ್ಸ್ ಕೆಲ್ಲಿ ರೂಪಿಸಿದ ‘ಕ್ರಿಟಿಕಲ್ ಪಾಥ್’ ವಿಧಾನ ಈ ಪ್ರಶ್ನೆಗೆ ಲೆಕ್ಕದ ಉತ್ತರ ಕೊಟ್ಟಿತು. ದೊಡ್ಡ ಯೋಜನೆಯೊಂದರ ನೂರಾರು ಕೆಲಸಗಳಲ್ಲಿ ಕೆಲವು ಒಂದು ವಾರ ತಡವಾದರೂ ಒಟ್ಟು ಯೋಜನೆಗೆ ಧಕ್ಕೆಯಿಲ್ಲ. ಇನ್ನು ಕೆಲವು ಒಂದು ದಿನ ತಡವಾದರೆ ಇಡೀ ಯೋಜನೆಯೇ ಒಂದು ದಿನ ತಡವಾಗುತ್ತದೆ. ಮೇಲ್ವಿಚಾರಕನ ಕಣ್ಣು ಈ ಎರಡನೆಯ ಸರಪಳಿಯ ಮೇಲಿರಬೇಕು.

ಕರಾವಳಿಯ ಜನ ಕಣ್ಣಾರೆ ಕಂಡ ಕೊಂಕಣ ರೈಲು ಮಾರ್ಗ ಇದಕ್ಕೆ ಒಳ್ಳೆಯ ನಿದರ್ಶನ. ರೋಹಾದಿಂದ ಮಂಗಳೂರಿನವರೆಗಿನ ಸುಮಾರು 740 ಕಿಲೋಮೀಟರ್ ಮಾರ್ಗಕ್ಕಾಗಿ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಮಂಗಳೂರು–ಉಡುಪಿ ನಡುವೆ 1993ರಲ್ಲೇ ರೈಲು ಓಡಿತು. ಆದರೆ ಇಡೀ ಮಾರ್ಗ ತೆರೆದದ್ದು 1998ರ ಜನವರಿ 26ರಂದು. 90ಕ್ಕೂ ಹೆಚ್ಚು ಸುರಂಗಗಳಲ್ಲಿ ಗಟ್ಟಿ ಬಂಡೆ ಕೊರೆದದ್ದಕ್ಕಿಂತ ಮೆದು ಮಣ್ಣಿನ ಕೆಲವು ಸುರಂಗಗಳೇ ಹೆಚ್ಚು ಕಾಡಿದವು. ಗೋವಾದ ಪೆರ್ನೆಂ ಸುರಂಗದಲ್ಲಿ ಅಗೆದಷ್ಟೂ ಮಣ್ಣು ಕುಸಿಯುತ್ತಿತ್ತು. ಕೊನೆಯವರೆಗೂ ಬಾಕಿ ಉಳಿದದ್ದು ಅದೇ. ಉಳಿದೆಡೆ ಹಳಿ ಸಿದ್ಧವಾಗಿದ್ದರೂ ಅಲ್ಲಿ ದಾರಿಯಾಗದೆ ಮುಂಬೈಯ ಕಡೆಯಿಂದ ರೈಲು ಮಂಗಳೂರು ತಲುಪುವಂತಿರಲಿಲ್ಲ. ಕೆಲಸದ ಸ್ಥಳಗಳಲ್ಲಿ ಉಳಿದ ದಿನಗಳನ್ನು ತೋರಿಸುವ, ಹಿಂದಕ್ಕೆ ಎಣಿಸುವ ಗಡಿಯಾರಗಳನ್ನು ಇಡುವುದು ಶ್ರೀಧರನ್ ಅವರ ಪದ್ಧತಿಯಾಗಿತ್ತು. ಯಾರೂ ಕೇಳದ ಕೆಲಸಕ್ಕೆ ತಾನೇ ಗಡುವು ಕಟ್ಟಿಕೊಳ್ಳುವ ಈ ಉಪಾಯ ವೈಯಕ್ತಿಕ ಕೆಲಸಕ್ಕೂ ಒಗ್ಗುತ್ತದೆ.

ಮೂರನೆಯ ಪ್ರಶ್ನೆ: ಇದನ್ನು ಬೇರೆಯವರು ಮಾಡಬಲ್ಲರೇ? ಮಾಡಬಲ್ಲರಾದರೆ, ಕೆಲಸ ಎಷ್ಟೇ ಮುಖ್ಯವಾಗಿದ್ದರೂ ಅದನ್ನು ಒಪ್ಪಿಸುವುದೇ ಸರಿ. ನಿರ್ವಹಣಾ ಚಿಂತಕ ಪೀಟರ್ ಡ್ರಕರ್ 1967ರ ‘ದಿ ಎಫೆಕ್ಟಿವ್ ಎಕ್ಸಿಕ್ಯೂಟಿವ್’ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಾಡಬೇಕಾದದ್ದನ್ನು ಪಟ್ಟಿ ಮಾಡುವುದು ಸುಲಭ. ಯಾವುದನ್ನು ಸದ್ಯಕ್ಕೆ ಮುಟ್ಟುವುದಿಲ್ಲ ಎಂದು ನಿರ್ಧರಿಸಿ ಅದಕ್ಕೆ ಅಂಟಿಕೊಳ್ಳುವುದು ಕಷ್ಟ ಎಂಬುದು ಅವರ ವಾದ. ಬಿಟ್ಟ ಕೆಲಸ ಸಾಮಾನ್ಯವಾಗಿ ಇನ್ನೊಬ್ಬರಿಗೆ ಮುಖ್ಯವಾದದ್ದೇ ಆಗಿರುವುದರಿಂದ, ಆದ್ಯತೆಗೆ ಬುದ್ಧಿಯ ಜತೆ ಧೈರ್ಯವೂ ಬೇಕು.

ಹಿಂದಿನ ಸಂಜೆಯ ತೀರ್ಮಾನ

ಆಯ್ಕೆಗೆ ಬೆಳಗಿಗಿಂತ ಹಿಂದಿನ ಸಂಜೆ ಸೂಕ್ತ. ಬೆಳಿಗ್ಗೆ ಫೋನ್ ತೆರೆದ ಕೂಡಲೇ ಬೇರೆಯವರ ಬೇಡಿಕೆಗಳು ಮುಂದೆ ನಿಲ್ಲುತ್ತವೆ. ಸಂಜೆ ಆ ಗದ್ದಲ ತುಸು ಅಡಗಿರುತ್ತದೆ. ನಿರ್ವಹಣೆಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಕತೆ ಇದರದೇ. ಬೆಥ್ಲೆಹೆಮ್ ಸ್ಟೀಲ್ ಕಂಪನಿಯ ಚಾರ್ಲ್ಸ್ ಶ್ವಾಬ್ ಅವರಿಗೆ ಐವಿ ಲೀ ಎಂಬ ಸಲಹೆಗಾರರು ಹೇಳಿಕೊಟ್ಟರೆನ್ನಲಾದ ವಿಧಾನ ಹೀಗಿದೆ: ಸಂಜೆ ಮನೆಗೆ ಹೊರಡುವ ಮುನ್ನ ಮರುದಿನದ ಆರು ಕೆಲಸಗಳನ್ನು ಮಹತ್ವದ ಕ್ರಮದಲ್ಲಿ ಬರೆಯುವುದು, ಬೆಳಿಗ್ಗೆ ಮೊದಲನೆಯದನ್ನು ಹಿಡಿದು, ಅದು ಮುಗಿದ ಮೇಲೆಯೇ ಎರಡನೆಯದಕ್ಕೆ ಹೋಗುವುದು, ಉಳಿದದ್ದನ್ನು ಮರುದಿನದ ಪಟ್ಟಿಗೆ ಸೇರಿಸುವುದು. ಕತೆಯ ವಿವರಗಳು ಹೇಗಾದರೂ ಇರಲಿ, ಆರಕ್ಕೇ ನಿಲ್ಲಿಸುವ ಕಟ್ಟುಪಾಡಿನಲ್ಲಿ ಅದರ ಸತ್ವವಿದೆ. ಮೂವತ್ತು ಸಾಲಿನ ಪಟ್ಟಿಯಲ್ಲಿ ಮೊದಲನೆಯದೆಂಬುದು ಇರುವುದೇ ಇಲ್ಲ.

ಸಂಜೆ ಬರೆದಿಡುವುದರಿಂದ ಮನಸ್ಸೂ ಹಗುರಾಗುತ್ತದೆ. ಮುಗಿಯದ ಗುರಿಗಳು ಬೇರೆ ಕೆಲಸದ ನಡುವೆ ನುಗ್ಗಿ ಬರುತ್ತವೆ ಎಂಬುದನ್ನೂ, ಅವುಗಳನ್ನು ಯಾವಾಗ ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿದರೆ ಆ ಉಪದ್ರವ ತಗ್ಗುತ್ತದೆ ಎಂಬುದನ್ನೂ ಸಂಶೋಧಕರಾದ ಮಾಸಿಕಾಂಪೊ ಮತ್ತು ಬಾಮೈಸ್ಟರ್ 2011ರ ಅಧ್ಯಯನದಲ್ಲಿ ತೋರಿಸಿದರು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ ಸುಮಾರು 9 ನಿಮಿಷ ಬೇಗ ನಿದ್ರೆಗೆ ಜಾರಿದರು.

ಆರಂಭದ ಸಿದ್ಧತೆ

ಆರಿಸಿದ ಕೆಲಸವನ್ನು ಕೈಗೆ ಎಟುಕುವ ಗಾತ್ರಕ್ಕೆ ಇಳಿಸುವುದು ಮುಂದಿನ ಹಂತ. ‘ಬೇಸಿಗೆ ನೀರಿನ ಸಿದ್ಧತೆ’ ಎಂದು ಬರೆದುಕೊಂಡ ಪಿಡಿಒ ಮರುದಿನ ಅದನ್ನು ಮುಟ್ಟುವ ಸಾಧ್ಯತೆ ಕಡಿಮೆ. ‘ನಾಳೆ ಬೆಳಿಗ್ಗೆ 10ಕ್ಕೆ ನೀರುಗಂಟಿಗಳನ್ನು ಕೂರಿಸಿಕೊಂಡು, ಯಾವ ಕೊಳವೆಬಾವಿಯಲ್ಲಿ ಎಷ್ಟು ಇಂಚು ನೀರು ಬರುತ್ತಿದೆ ಎಂದು ಹಳ್ಳಿವಾರು ಬರೆದುಕೊಳ್ಳುವುದು’ ಎಂದು ಬರೆದರೆ ಕುರ್ಚಿ ಎಳೆದು ಶುರು ಮಾಡಬಹುದು. ಆ ಪಟ್ಟಿ ಕೈಗೆ ಬಂದರೆ ಯಾವ ಹಳ್ಳಿಗೆ ಖಾಸಗಿ ಕೊಳವೆಬಾವಿ ಬಾಡಿಗೆಗೆ ಹಿಡಿಯಬೇಕು, ಎಲ್ಲಿ ಪೈಪ್‌ಲೈನ್ ಸರಿಪಡಿಸಿದರೆ ಸಾಕು, ಯಾವ ಪ್ರಸ್ತಾವ ಮೇಲಕ್ಕೆ ಹೋಗಬೇಕು ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಉಳಿದ ಕೆಲಸಗಳು ಕಾಯುತ್ತಿದ್ದದ್ದು ಈ ಒಂದು ಪಟ್ಟಿಗೆ.

ಯಾವಾಗ, ಎಲ್ಲಿ, ಹೇಗೆ ಎಂದು ಹೀಗೆ ಮೊದಲೇ ಗೊತ್ತುಮಾಡಿಕೊಳ್ಳುವುದರ ಬಲವನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ದಶಕಗಳ ಕಾಲ ಅಭ್ಯಸಿಸಿದ್ದಾರೆ. ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಬರೀ ಸಂಕಲ್ಪಕ್ಕಿಂತ ‘ಇಂಥ ಸಂದರ್ಭ ಬಂದಾಗ ಇಂಥದ್ದು ಮಾಡುತ್ತೇನೆ’ ಎಂಬ ನಿಶ್ಚಿತ ಯೋಜನೆಯೂ ಇದ್ದವರು ಗುರಿ ತಲುಪುವ ಸಾಧ್ಯತೆ ಗಮನಾರ್ಹವಾಗಿ ಹೆಚ್ಚು ಎಂಬುದು ಕಂಡುಬಂತು.

ಕೆಲಸಕ್ಕೆ ಬೇಕಾದ ಸಮಯದ ಅಂದಾಜಿನಲ್ಲಿ ಉದಾರವಾಗಿರಬೇಕು. ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ತಮಗೆ ಸರಾಸರಿ 34 ದಿನ ಬೇಕಾಗಬಹುದು ಎಂದಿದ್ದರು. ನಿಜಕ್ಕೂ ಹಿಡಿದದ್ದು 55 ದಿನಕ್ಕೂ ಹೆಚ್ಚು. ಎಲ್ಲವೂ ಸುಸೂತ್ರವಾಗಿ ಸಾಗುತ್ತದೆ ಎಂಬ ಕಲ್ಪನೆಯಲ್ಲಿ ಅಂದಾಜು ಹುಟ್ಟುತ್ತದೆ. ಹಿಂದೆ ಇಂಥದೇ ಕೆಲಸಕ್ಕೆ ನಿಜವಾಗಿ ಎಷ್ಟು ಸಮಯ ಹಿಡಿದಿತ್ತು ಎಂದು ನೆನಪಿಸಿಕೊಂಡರೆ ಲೆಕ್ಕ ನೆಲಕ್ಕೆ ಬರುತ್ತದೆ. ಒಂದು ದಿನಕ್ಕೆ ಮುಖ್ಯವಾದದ್ದು ಒಂದೇ ಇರಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಸಮಯದ ಕಾವಲು

ಮೀಸಲಿಟ್ಟ ಹೊತ್ತು ತುಂಡಾಗದಂತೆ ಉಳಿದರೆ ಮಾತ್ರ ಪ್ರಯೋಜನ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಭಾಗ ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರ ತಮ್ಮ ಸಂಶೋಧನೆಯಲ್ಲಿ ತೋರಿಸಿದರು. ಮೊದಲಿನದು ಅರ್ಧಕ್ಕೆ ನಿಂತಿದ್ದರೆ ಈ ತೊಡಕು ಮತ್ತೂ ಹೆಚ್ಚು. ‘ಒಂದೇ ನಿಮಿಷ’ ಎಂದು ಸಂದೇಶ ನೋಡಿದವರು ಕಳೆದುಕೊಳ್ಳುವುದು ಆ ಒಂದು ನಿಮಿಷವನ್ನಷ್ಟೇ ಅಲ್ಲ, ಮರಳಿ ತಲ್ಲೀನರಾಗಲು ಬೇಕಾದ ಹೊತ್ತನ್ನೂ. ಫೋನನ್ನು ಬೇರೆ ಕೋಣೆಯಲ್ಲಿಡುವುದು, ‘ಹನ್ನೊಂದೂವರೆಯ ಮೇಲೆ ಸಿಗುತ್ತೇನೆ’ ಎಂದು ಸಹೋದ್ಯೋಗಿಗಳಿಗೆ ತಿಳಿಸುವುದು, ಕರೆ ಮತ್ತು ಪತ್ರಗಳಿಗೆಲ್ಲ ಮಧ್ಯಾಹ್ನ ಒಂದೇ ಹೊತ್ತು ಇಟ್ಟುಕೊಳ್ಳುವುದು ಸರಳ ಕಾವಲುಗಳು.

ಯಾವ ಹೊತ್ತನ್ನು ಮೀಸಲಿಡಬೇಕು ಎಂಬುದು ವ್ಯಕ್ತಿಗೆ ಬಿಟ್ಟದ್ದು. ಮುಂಜಾನೆಯ ಹೊತ್ತು ಪ್ರಶಸ್ತ ಎಂಬ ಮಾತು ಬಹಳ ಜನರಿಗೆ ಸರಿಹೊಂದುತ್ತದೆ. ಅಡ್ಡಿ ಕಡಿಮೆ ಇರುವುದು, ದಿನದ ಅನಿರೀಕ್ಷಿತಗಳು ಇನ್ನೂ ಎದುರಾಗದಿರುವುದು ಅದಕ್ಕೆ ಕಾರಣ. ಆದರೆ ದೇಹದ ಗಡಿಯಾರ ಎಲ್ಲರಲ್ಲೂ ಒಂದೇ ಅಲ್ಲ. ರಾತ್ರಿ ಒಂಬತ್ತರ ಮೇಲೆ ಚುರುಕಾಗುವವರು ನಸುಕಿನಲ್ಲಿ ಎದ್ದು ತೂಕಡಿಸುತ್ತಾ ಕೂರಬೇಕಿಲ್ಲ. ಮನಸ್ಸು ಸ್ವಚ್ಛವಾಗಿರುವ ಹೊತ್ತನ್ನು ಒಂದು ವಾರ ಗಮನಿಸಿ ಗುರುತಿಸಿ, ಅದನ್ನು ಸಣ್ಣ ಕೆಲಸಗಳಿಗೆ ಖರ್ಚು ಮಾಡದಿದ್ದರೆ ಸಾಕು.

ಎಲ್ಲರ ದಿನವೂ ಒಂದೇ ಅಲ್ಲ

ತಮ್ಮ ಸಮಯದ ಮೇಲೆ ತಮಗೇ ಹಿಡಿತವಿಲ್ಲದವರು ಬಹಳ ಮಂದಿ. ಆಸ್ಪತ್ರೆಯ ದಾದಿ, ಗ್ರಾಹಕ ಸೇವಾ ಕೇಂದ್ರದ ನೌಕರ, ಬಸ್ಸಿನ ನಿರ್ವಾಹಕ ಬಂದ ಕೆಲಸವನ್ನು ಬಂದಂತೆ ಮಾಡಬೇಕು. ಅಂಥ ಕೆಲಸದಲ್ಲೂ ಆದ್ಯತೆಗೆ ಸ್ಥಾನವಿದೆ. ನೆಪೋಲಿಯನ್ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜಾನ್ ಲಾರೆ ಗಾಯಾಳುಗಳನ್ನು ಹುದ್ದೆಯ ಪ್ರಕಾರ ನೋಡದೆ ಗಾಯದ ತೀವ್ರತೆಯ ಪ್ರಕಾರ ನೋಡುವ ಪದ್ಧತಿ ತಂದರು. ಇಂದಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವ ಕ್ರಮದ ಬೇರು ಅಲ್ಲಿದೆ. ಕ್ರಮವನ್ನು ಮೊದಲೇ ಗೊತ್ತುಪಡಿಸಿಟ್ಟರೆ ಗದ್ದಲದ ನಡುವೆ ಹೊಸದಾಗಿ ಯೋಚಿಸಬೇಕಾಗುವುದಿಲ್ಲ.

ಮನೆ ಮತ್ತು ಹೊರಗಿನ ದುಡಿಮೆ ಎರಡನ್ನೂ ಹೊತ್ತ ಮಹಿಳೆಗೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ ಎಂದು ಉಪದೇಶಿಸುವುದು ನ್ಯಾಯವಲ್ಲ. ಆ ಬಿಡುವು ಬರಬೇಕಾದರೆ ಅಡುಗೆ, ಮಕ್ಕಳು, ಹಿರಿಯರ ಆರೈಕೆ ಮನೆಯವರೆಲ್ಲರಲ್ಲಿ ಹಂಚಿಕೆಯಾಗಬೇಕು. ಕಚೇರಿಯಲ್ಲಿ ಮೇಲಧಿಕಾರಿ ಐದು ಕೆಲಸಗಳನ್ನೂ ‘ಮೊದಲು’ ಎಂದಾಗ, ‘ಇವುಗಳಲ್ಲಿ ಯಾವುದನ್ನು ಇವತ್ತು ಕೊಡಲಿ, ಯಾವುದು ನಾಳೆಗೆ ಹೋಗಬಹುದು’ ಎಂದು ವಿನಯದಿಂದ ಕೇಳುವುದು ನೌಕರನ ಹಕ್ಕು. ಇಬ್ಬರೂ ಕೂತು ಹಾಕಿದ ಕ್ರಮ ಇಬ್ಬರಿಗೂ ಒಳಿತು.

ಕೊನೆಯದಾಗಿ, ಈ ಅಭ್ಯಾಸವನ್ನು ವಾರಕ್ಕೊಮ್ಮೆ ಪರಿಶೀಲಿಸಬೇಕು. ಆ ವಾರ ಆರಿಸಿದ ಮೊದಲ ಕೆಲಸಗಳಲ್ಲಿ ಎಷ್ಟು ಮುಂದೆ ಸಾಗಿದವು, ಯಾವುದು ಮೂರು ನಾಲ್ಕು ದಿನ ಪಟ್ಟಿಯಲ್ಲೇ ಉಳಿಯಿತು ಎಂದು ನೋಡಿದರೆ ದೋಷ ಎಲ್ಲಿದೆ ಎಂಬುದು ತಿಳಿಯುತ್ತದೆ. ಪದೇ ಪದೇ ಉಳಿಯುವ ಕೆಲಸ ತೀರಾ ದೊಡ್ಡದಿರಬಹುದು, ಅದನ್ನು ಒಡೆಯಬೇಕು. ಅಥವಾ ಅದು ಬೇರೆಯವರು ಮಾಡಬೇಕಾದದ್ದಿರಬಹುದು, ಅವರಿಗೆ ಒಪ್ಪಿಸಬೇಕು. ಅಥವಾ ನಿಜಕ್ಕೂ ಮುಖ್ಯವಲ್ಲದೆಯೇ ಮುಖ್ಯವೆಂದು ಕಂಡಿರಬಹುದು, ಅದನ್ನು ಹೊಡೆದುಹಾಕಬೇಕು. ದಿನಕ್ಕೆ ಒಂದರಂತೆ ಸರಿಯಾದ ಕೆಲಸ ಮುಂದೆ ಸಾಗಿದರೆ, ಉಳಿದ ಸಾಲುಗಳಲ್ಲಿ ಕೆಲವು ಬಾಕಿ ಉಳಿದರೂ ಆ ದಿನ ವ್ಯರ್ಥವಾಗಲಿಲ್ಲ ಎಂದೇ ಲೆಕ್ಕ.